ಹೆಪ್ಪಂಗಿಯ ಬಿಸಿ

ಜಟ್ಟಪ್ಪ ಮೊಗೇರನಿಗೆ ನೀರಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಚಳಿಯ ಬಗ್ಗೆ ಗೊತ್ತಿದ್ದದ್ದು ಏನೂ ಇರಲಿಲ್ಲ. ಮುರ್ಡೇಶ್ವರದ ದಡದಿಂದ ನೇತ್ರಾಣಿ ದ್ವೀಪದವರೆಗೆ ದೋಣಿಯಲ್ಲಿ ಹೋಗಿ, ಪ್ರವಾಸಿಗಳ ಬೆನ್ನಿಗೆ ಸಿಲಿಂಡರ್ ಕಟ್ಟಿ ಅವರನ್ನು ಕಡಲೊಳಗೆ ಇಳಿಸಿ ಹತ್ತಿಸುವ ಕೆಲಸವನ್ನು ಅವನು ಮೂವತ್ತೊಂದು ವರ್ಷ ಮಾಡಿದ್ದ. ಸಾವಿರಾರು ಸಲ ಮುಳುಗಿ ಎದ್ದವನು. ಆದರೆ ಅದೆಲ್ಲವೂ ಇಪ್ಪತ್ತೆಂಟು ಡಿಗ್ರಿಯ ನೀರಿನಲ್ಲಿ, ಅಂದರೆ ಒಲೆ ಆರಿದ ಮೇಲೂ ಹಂಡೆಯಲ್ಲಿ ಉಳಿದಿರುವಂಥ ನೀರಿನಲ್ಲಿ. ಅವನು ಕಂಡ ಅತಿ ದೊಡ್ಡ ಚಳಿಯೆಂದರೆ ಒಮ್ಮೆ ಡಿಸೆಂಬರಿನಲ್ಲಿ ದಾವಣಗೆರೆಗೆ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿ ಮುಚ್ಚಲು ಬಾರದೆ ಹೋದದ್ದು. ಅದನ್ನೇ ಅವನು ಹತ್ತು ವರ್ಷ ಹೇಳಿಕೊಂಡು ತಿರುಗಿದ್ದ.

ಇಂಥವನು ಐವತ್ತಾರನೆಯ ವಯಸ್ಸಿನಲ್ಲಿ ಲಡಾಖಿನ ಒಂದು ಸರೋವರದಲ್ಲಿ, ಮಂಜುಗಡ್ಡೆಯ ಕೆಳಗೆ, ನಲವತ್ತು ನಿಮಿಷ ಇರುವುದಾಗಿ ಒಪ್ಪಿಕೊಂಡುಬಂದಿದ್ದ.

ಒಪ್ಪಿಕೊಳ್ಳುವುದಕ್ಕೆ ಕಾರಣವೂ ಇತ್ತು. ಕಡಲು ವರ್ಷದಿಂದ ವರ್ಷಕ್ಕೆ ಬಿಸಿಯೇರಿ ದ್ವೀಪದ ಸುತ್ತಲಿನ ಹವಳ ಬೆಳ್ಳಗಾಗಿತ್ತು. ಅದು ಚೇತರಿಸಿಕೊಳ್ಳಲಿ ಎಂದು ಎಂಟು ವರ್ಷ ಯಾರೂ ಅಲ್ಲಿ ನೀರಿಗಿಳಿಯಕೂಡದು ಎಂಬ ಆಜ್ಞೆ ಬಂದಿತ್ತು. ಆಜ್ಞೆ ಸರಿಯೇ ಎಂದು ಜಟ್ಟಪ್ಪನೂ ಹೇಳುತ್ತಿದ್ದ. ಆದರೆ ದಿನವೂ ನೀರಿನಲ್ಲಿದ್ದ ಗಂಡಸು ದಿನವಿಡೀ ಮನೆಯಲ್ಲಿ ಕೂತರೆ ಏನಾಗುತ್ತದೆಂದು ಆಜ್ಞೆ ಬರೆದವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟ, ಸರಿಯಾಗಿದ್ದ ನಲ್ಲಿ ಬಿಚ್ಚಿ ಕೆಡಿಸಿದ. ಮೂರನೆಯ ತಿಂಗಳಿಗೆ ಹೆಂಡತಿ ದೇವಕಿ, ಎಲ್ಲಾದರೂ ಒಂದು ಕೆರೆಯನ್ನಾದರೂ ಹುಡುಕಿಕೊಳ್ಳಿ ಎಂದು ಕೈಮುಗಿದಿದ್ದಳು.

ಅದೇ ಹೊತ್ತಿಗೆ ಕಾರವಾರದ ಪ್ರಯೋಗಾಲಯವೊಂದರಿಂದ ಕರೆ ಬಂತು. ಅಲ್ಲಿನ ಮುಖ್ಯಸ್ಥೆ ಡಾ. ವಿಶಾಲಾಕ್ಷಿ ಹಂಚಿನಾಳ, ಹುಬ್ಬಳ್ಳಿಯ ಕಡೆಯವರು. ಅವರು ಮೇಜಿನ ಮೇಲೆ ಇಟ್ಟು ತೋರಿಸಿದ್ದು ಕೋಡುಬಳೆ ಹಿಟ್ಟಿನ ಬಣ್ಣದ, ಮುಟ್ಟಿದರೆ ಮೆಲ್ಲಗೆ ಕುಗ್ಗುವ ಒಂದು ಅಂಗಿ. ಎರಡು ತೆಳುವಾದ ಪದರ, ನಡುವೆ ಜೀವಂತ ಕಣಗಳ ಲೋಳೆ. ಒಂದು ಲೋಟ ಲೋಳೆಯನ್ನು ಹೆಪ್ಪು ಹಾಕಿದರೆ ತೊಂಬತ್ತು ದಿನಗಳಲ್ಲಿ ಅಂಗಿಯ ತುಂಬ ಬೆಳೆಯುತ್ತದೆ. ಕೊರಳಿನ ಬಳಿಯ ಕೊಳವೆಯಿಂದ ದಿನಕ್ಕೆ ಎರಡು ಸಲ ಬೆಲ್ಲದ ನೀರು ಕುಡಿಸಬೇಕು. ಎಳೆಯ ಮಗುವನ್ನು ಬೆಚ್ಚಗಿಡಲು ದೇಹ ಹೇಗೆ ಕೊಬ್ಬನ್ನು ಸುಡುತ್ತದೋ ಹಾಗೆ ಈ ಕಣಗಳು ಬೆಲ್ಲವನ್ನು ಸುಟ್ಟು ಬಿಸಿ ಹುಟ್ಟಿಸುತ್ತವೆ. ಯಾವಾಗ ಹುಟ್ಟಿಸಬೇಕೆಂದು ಅವಕ್ಕೆ ಹೇಳುವುದು ತೊಟ್ಟವರ ಎದೆಬಡಿತ. ಬಡಿತ ಶಾಂತವಾಗಿದ್ದು ಮೈ ತಣ್ಣಗಾದರೆ ಅಂಗಿ ಬಿಸಿಯಾಗುತ್ತದೆ. ಬಡಿತ ಜೋರಾದರೆ, ಇವರು ದುಡಿಯುತ್ತಿದ್ದಾರೆ, ಇವರ ಮೈ ತಾನೇ ಕಾಯುತ್ತದೆ ಎಂದುಕೊಂಡು ಸುಮ್ಮನಾಗುತ್ತದೆ.

ಹಿಮದ ಸರೋವರಗಳಲ್ಲಿ ಯಾರಾದರೂ ಬಿದ್ದರೆ ಹುಡುಕಲು ಇಳಿಯುವವರಿಗೆ ಈಗ ಹತ್ತು ನಿಮಿಷದ ಮೇಲೆ ಬೆರಳು ಆಡುವುದಿಲ್ಲ, ಈ ಅಂಗಿಯಿಂದ ನಲವತ್ತು ನಿಮಿಷ ಸಿಗಬಹುದು ಎಂದು ಹಂಚಿನಾಳರು ವಿವರಿಸಿದರು. ಅದಕ್ಕೆ ತಣ್ಣೀರಿನಲ್ಲಿ ಪಳಗಿದವರನ್ನೇ ಕರೆಯಬಹುದಲ್ಲ ಎಂದು ಜಟ್ಟಪ್ಪ ಕೇಳಿದ.

"ಅವ್ರ ಮೈ ಆಗಲೇ ಚಳಿಗೆ ಒಗ್ಗಿರತೈತ್ರಿ. ಅಂಗಿ ಏನೂ ಕಲಿಯೂದಿಲ್ಲ," ಎಂದರು ಹಂಚಿನಾಳರು. "ನಮಗ ಬೇಕಾಗಿರೋದು ನೀರು ಗೊತ್ತಿದ್ದು ಚಳಿ ಗೊತ್ತಿಲ್ಲದ ಮನಶ್ಯಾ."

ಅಂಗಿ ಬೆಳೆಯುವಾಗ ದಿನಕ್ಕೊಂದು ತಾಸು ಅದನ್ನು ತೊಟ್ಟು ಕೊರೆಯುವ ಚಳಿಯಲ್ಲಿರಬೇಕು, ಅದನ್ನು ಪುಸ್ತಕದಲ್ಲಿ ಗುರುತು ಮಾಡಬೇಕು ಎಂಬುದೊಂದೇ ಕಟ್ಟುನಿಟ್ಟು. ಮುರ್ಡೇಶ್ವರದಲ್ಲಿ ಕೊರೆಯುವ ಚಳಿ ಎಲ್ಲಿಂದ ತರುವುದು ಎಂದು ಜಟ್ಟಪ್ಪ ಬಸ್ಸಿನಲ್ಲಿ ಬರುತ್ತ ಯೋಚಿಸಲೇ ಇಲ್ಲ. ಏಕೆಂದರೆ ಆ ಚಳಿ ಅವನ ಮನೆಯಲ್ಲೇ ಇತ್ತು. ದೇವಕಿ ಮೀನುಬಂದರಿನ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಳು. ಉಪ್ಪುನೀರಿನ ತೊಟ್ಟಿಯಿಂದ ಡಬ್ಬಗಳನ್ನು ಎತ್ತಿಸಿ, ಆಳೆತ್ತರದ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆದು ಕೋಣೆಯಲ್ಲಿ ಪೇರಿಸುವುದು ಅವಳ ಕೆಲಸ. ಸುದ್ದಿ ಕೇಳಿ ಅವಳು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೊಸರಿನ ಥರ ಇದಕ್ಕೂ ಹೆಪ್ಪು ಹಾಕುವುದಾದರೆ ಇದು ಹೆಪ್ಪಂಗಿ ಎಂದು ನಾಮಕರಣ ಮಾಡಿದಳು. ಆ ಹೆಸರು ಆಮೇಲೆ ಪ್ರಯೋಗಾಲಯದ ಕಾಗದಗಳಿಗೂ ಹತ್ತಿತು.

ಹೆದರಿಕೆ ಗಿದರಿಕೆ ಅವಳಿಗೆ ಇಲ್ಲ ಎಂಬುದು ಕೇರಿಗೆಲ್ಲ ಗೊತ್ತಿದ್ದ ಮಾತು. ಗಂಡ ಕಡಲಿನ ತಳದಲ್ಲಿರುವಾಗ ನಿನಗೆ ಭಯವಾಗುವುದಿಲ್ಲವೇ ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ, ಅವರಿಗೆ ನೀರು, ನನಗೆ ಐಸು, ಇದರಲ್ಲಿ ಭಯಪಡುವುದೇನಿದೆ. ಈ ಉತ್ತರ ಕೇಳಿದಾಗಲೆಲ್ಲ ಜಟ್ಟಪ್ಪನಿಗೆ ಹೆಮ್ಮೆ, ಒಳಗೊಳಗೇ ಒಂದಿಷ್ಟು ಬೇಸರವೂ. ಒಂದು ದಿನವಾದರೂ ದಡಕ್ಕೆ ಬಂದು ಕಾದು ನಿಲ್ಲಬಾರದೇ ಎಂದು ಅವನಿಗೆ ಅನಿಸಿದ್ದುಂಟು.

ಯೋಜನೆ ಶುರುವಾಯಿತು. ಜಟ್ಟಪ್ಪ ಉದ್ದನೆಯ ಪುಸ್ತಕವೊಂದನ್ನು ತಂದು, ಹೊಸದಾಗಿ ಕಲಿಯುವವನ ವಿನಯದಿಂದಲ್ಲ, ಹಳಬನ ಗತ್ತಿನಿಂದ ಬರೆಯತೊಡಗಿದ. ಹೆಪ್ಪಂಗಿಯ ಮೇಲೆ ನೀರು ನುಗ್ಗದ ಹೊರಅಂಗಿ, ಅದರೊಳಗೆ ಗಾಳಿ, ಆ ಗಾಳಿ ಮೇಲೆತ್ತುವುದರಿಂದ ಸೊಂಟಕ್ಕೆ ಮುಳುಗಿಸುವ ಸೀಸದ ತೂಕ ಜಾಸ್ತಿ. ಆದರೆ ಸರೋವರದ್ದು ಸಿಹಿನೀರು, ಉಪ್ಪುನೀರಿನಷ್ಟು ಎತ್ತಿ ಹಿಡಿಯದು, ಆದ್ದರಿಂದ ಕಡಲಿನ ಲೆಕ್ಕದಲ್ಲಿ ಒಂದಿಷ್ಟು ಕಡಿಮೆ. ಹದಿನಾಲ್ಕು ಸಾವಿರ ಅಡಿ ಎತ್ತರ, ಹಾಗಾಗಿ ಐದು ದಿನ ಸುಮ್ಮನೆ ಕೂತು ಮೈ ಒಗ್ಗಿಸಿಕೊಳ್ಳಬೇಕು, ಮೇಲೇರುವಾಗ ಸಾವಕಾಶ. ಸಿಲಿಂಡರಿನ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟಲೇಬಾರದು. ಈ ಕೊನೆಯದನ್ನು ಬರೆಯುವಾಗ ಅವನಿಗೆ ನಗು ಬಂತು. ನೇತ್ರಾಣಿಯಲ್ಲಿ ಅವನು ಸಿಲಿಂಡರಿನ ತಳ ಕೆರೆದು ಬಂದವನು. ಅಲ್ಲಿ ತಲೆಯ ಮೇಲೆ ಆಕಾಶವಿತ್ತು, ಇಲ್ಲಿ ಎರಡಡಿ ಗಡ್ಡೆ.

ಮೊದಲ ತಾಲೀಮಿಗೆ ದೇವಕಿಯ ಜೊತೆ ಐಸ್ ಕೋಣೆಗೆ ಹೋದ. ಅಮೋನಿಯದ ಘಾಟು, ಕಾಲಡಿ ಒದ್ದೆ ಹೊಟ್ಟು, ಗೋಡೆಯುದ್ದಕ್ಕೂ ನೀಲಿ ಗಡ್ಡೆಗಳು. ಹೆಪ್ಪಂಗಿಯ ಎಳೆಯ ಲೋಳೆ ಆಗಿನ್ನೂ ಬೆನ್ನಿನ ಅರ್ಧದವರೆಗೆ ಮಾತ್ರ ಬೆಳೆದಿತ್ತು. ಸಿಲಿಂಡರ್ ಏರಿಸಿಕೊಂಡ ಜಟ್ಟಪ್ಪ, ಮೂವತ್ತೊಂದು ವರ್ಷದ ರೂಢಿಯಂತೆ, ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರನ್ನು ತುಟಿಗಿಟ್ಟು ಎರಡು ಸಲ ಬಲವಾಗಿ ಊದಿ, ಗುಂಡಿ ಒತ್ತಿ ಬುಸ್ಸೆನ್ನಿಸಿದ. ಪ್ರವಾಸಿಗಳ ಮುಂದೆ ಹಾಗೆ ಮಾಡುವುದು ಅವನ ಹೆಮ್ಮೆಯ ಶಾಸ್ತ್ರ. ಬುಸ್ಸೆಂದದ್ದು ನಿಲ್ಲಲಿಲ್ಲ. ಕೈಯಿಂದ ತಟ್ಟಿದ, ತಿರುಗಿಸಿದ. ಸಿಲಿಂಡರ್ ಕೋಣೆ ನಡುಗುವಂತೆ ಗರ್ಜಿಸುತ್ತ ನಾಲ್ಕೈದು ನಿಮಿಷದಲ್ಲಿ ಖಾಲಿಯಾಯಿತು.

ದೇವಕಿ ಕೊಕ್ಕೆ ಊರಿಕೊಂಡು ನೋಡುತ್ತಿದ್ದವಳು, ಸದ್ದು ನಿಂತ ಮೇಲೆ ಬಾಯಿ ತೆರೆದಳು. "ಐಸ್ ರೂಮಲ್ಲಿ ವಾಲ್ವಿಗೆ ಬಾಯಿ ಹಚ್ತ್ರಾ ಯಾರಾದ್ರೂ? ಉಸ್ರಲ್ಲಿ ನೀರು ಇರ್ತದೆ ಮಾರಾಯ್ರೆ. ಅದು ಅಲ್ಲೇ ಕಲ್ಲಾಗ್ತದೆ. ಇಲ್ಲಿಗೆ ಹೊಸದಾಗಿ ಬಂದ ಹೆಣ್ಮಕ್ಕಳಿಗೆ ನಾನು ಮೊದ್ಲು ಹೇಳೂದೇ ಅದು."

ಜಟ್ಟಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಮಂಜುಗಡ್ಡೆಯ ಕೆಳಗೆ ಇದೇ ಆಗಿದ್ದರೆ ಎಂದು ಯೋಚಿಸಿದ. ಗೊತ್ತಿಲ್ಲದವನಿಗೆ ಈ ಅಪಾಯವೇ ಇರಲಿಲ್ಲ, ಚೆನ್ನಾಗಿ ಗೊತ್ತಿದ್ದದ್ದೇ ಅವನನ್ನು ಕೊಲ್ಲಬಹುದಿತ್ತು. ಅಂದಿನಿಂದ ಪುಸ್ತಕ ಬರೆಯುವ ಗತ್ತು ಇಳಿಯಿತು. ಮುಖ ನೀರೊಳಗೆ ಹೋದ ಮೇಲೆಯೇ ಮೊದಲ ಉಸಿರು ಎಂಬುದನ್ನು ಅವನು ಮನೆಯ ಹಿತ್ತಿಲಲ್ಲಿ ನೀರಿನ ಡ್ರಮ್ಮಿಗೆ ತಲೆ ಅದ್ದಿ ಅದ್ದಿ ಅಭ್ಯಾಸ ಮಾಡಿದ. ಕೈ ತಾನಾಗಿ ಗುಂಡಿಯತ್ತ ಹೋದಾಗಲೆಲ್ಲ ದೇವಕಿ ಸೌಟಿನಿಂದ ಮಣಿಕಟ್ಟಿಗೆ ತಟ್ಟುತ್ತಿದ್ದಳು. ತಟ್ಟುವುದರಲ್ಲಿ ಅವಳಿಗೆ ಸಂತೋಷವೂ ಇತ್ತೆಂದು ಅವನ ಗುಮಾನಿ.

ಇಪ್ಪತ್ತನೆಯ ದಿನ ಜಟ್ಟಪ್ಪನಿಗೆ ಜ್ವರ ಹಿಡಿಯಿತು. ಅಂಗಿಗೆ ಒಂದು ದಿನ ಚಳಿ ತಪ್ಪಿದರೂ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಹಂಚಿನಾಳರು ಎಚ್ಚರಿಸಿದ್ದರು. ಅಂಗಿಗೆ ಬೇಕಾದದ್ದು ಚಳಿ, ಯಾರು ತೊಟ್ಟರೇನು ಎಂದು ದೇವಕಿ ತಾನೇ ಅದನ್ನು ಸೀರೆಯ ಒಳಗೆ ತೊಟ್ಟುಕೊಂಡು ಪಾಳಿಗೆ ಹೋದಳು. ಗಂಡನಿಗಿಂತ ಒಂದೂವರೆ ಪಟ್ಟು ದಪ್ಪವಿದ್ದ ಅವಳಿಗೂ ಅದು ಹಿಗ್ಗಿ ಸರಿಹೊಂದಿತು. ಮಧ್ಯಾಹ್ನ ಮನೆಗೆ ಬಂದವಳ ಮುಖ ನೋಡಿ ಜಟ್ಟಪ್ಪ ಮಂಚದಿಂದ ಎದ್ದು ಕೂತ. ಇಪ್ಪತ್ತೆರಡು ವರ್ಷದಿಂದ ಪಾಳಿ ಮುಗಿಸಿ ಬಂದವಳು ಮೊದಲು ಒಲೆಯ ಮುಂದೆ ಕೂತು ಭುಜ ಕಾಸಿಕೊಳ್ಳುತ್ತಿದ್ದಳು, ಬೆರಳು ನೆಟ್ಟಗಾಗುವವರೆಗೆ ಮಾತಾಡುತ್ತಿರಲಿಲ್ಲ. ಅಂದು ನೇರವಾಗಿ ಬಂದು ಅವನ ಹಣೆ ಮುಟ್ಟಿದಳು. ಅವಳ ಕೈ ಬೆಚ್ಚಗಿತ್ತು.

ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಅಂಗಿಯನ್ನು ವಾಪಸ್ಸು ಕೇಳಲು ಜಟ್ಟಪ್ಪನಿಗೆ ಬಾಯಿ ಬರಲಿಲ್ಲ. ಇನ್ನೊಂದು ದಿನ ಇರಲಿ, ಇನ್ನೊಂದು ವಾರ ಇರಲಿ ಎಂದು ಅವನೇ ಅವಳ ಕೊರಳಿನ ಕೊಳವೆಗೆ ಬೆಲ್ಲದ ನೀರು ಹೊಯ್ದು ಕಳಿಸುತ್ತಿದ್ದ. ಸಂಜೆ ಅವಳು ಬಿಚ್ಚಿಟ್ಟ ಮೇಲೆ ತಾನು ಒಂದು ತಾಸು ತೊಟ್ಟು, ಸೆಕೆಯಲ್ಲಿ ಬೆವರುತ್ತ ಜಗಲಿಯಲ್ಲಿ ಕೂತು, ಪುಸ್ತಕದಲ್ಲಿ 'ಚಳಿ: ಒಂದು ತಾಸು' ಎಂದು ಗುರುತು ಹಾಕುತ್ತಿದ್ದ. ಅಂಗಿ ಚಳಿ ಕಂಡದ್ದು ನಿಜ, ತಾನು ತೊಟ್ಟದ್ದೂ ನಿಜ, ಹಾಗಾದರೆ ಸುಳ್ಳು ಎಲ್ಲಿದೆ ಎಂದು ತನಗೆ ತಾನೇ ವಾದಿಸಿಕೊಂಡ.

ಸುಳ್ಳು ಎಲ್ಲಿತ್ತೆಂಬುದು ತೊಂಬತ್ತನೆಯ ದಿನ ಕಾರವಾರದಲ್ಲಿ ಗೊತ್ತಾಯಿತು. ಪ್ರಯೋಗಾಲಯದ ತಣ್ಣೀರಿನ ತೊಟ್ಟಿಯಲ್ಲಿ ಜಟ್ಟಪ್ಪ ಕುತ್ತಿಗೆಯವರೆಗೆ ಇಳಿದ. ಪಕ್ಕದ ಕೋಣೆಯಲ್ಲಿ ಗಾಜಿನ ಹಿಂದೆ ಹಂಚಿನಾಳರು ಪರದೆ ನೋಡುತ್ತಿದ್ದರು. ಒಂದು ನಿಮಿಷ, ಮೂರು ನಿಮಿಷ. ಅಂಗಿಯ ಉಷ್ಣತೆಯ ಗೆರೆ ಮಲಗಿದ್ದಲ್ಲಿಂದ ಏಳಲಿಲ್ಲ. ಐದನೆಯ ನಿಮಿಷಕ್ಕೆ ಜಟ್ಟಪ್ಪನ ಹಲ್ಲು ಕಟಕಟ ಹೊಡೆಯುವುದು ಧ್ವನಿವರ್ಧಕದಲ್ಲಿ ಕೇಳಿಸಿತು. ಅವನನ್ನು ಎತ್ತಿ ಕಂಬಳಿ ಹೊದೆಸಿ, ಹಂಚಿನಾಳರು ಎದುರು ಕುರ್ಚಿ ಎಳೆದುಕೊಂಡು ಕೂತು, ನಿಜ ಹೇಳಿರಿ ಎಂದರು. ಅವನು ಹೇಳಿದ. ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದ ದೇವಕಿಯನ್ನು ಕರೆಸಿ ಅಂಗಿ ತೊಡಿಸಿ ಅದೇ ತೊಟ್ಟಿಗೆ ಇಳಿಸಿದರು. ಕಾಲು ನಿಮಿಷದಲ್ಲಿ ಪರದೆಯ ಗೆರೆ ಎದ್ದು ಕೂತಿತು. ಚಳಿಯಲ್ಲಿ ಬೆಳೆಯುವಾಗ ಕೇಳಿದ ಅವಳ ಬಡಿತವನ್ನೇ ಅಂಗಿ ಕಲಿತುಬಿಟ್ಟಿತ್ತು.

ಹಂಚಿನಾಳರು ಗೋಡೆಯ ಕ್ಯಾಲೆಂಡರಿನತ್ತ ನೋಡಿದರು. ಇನ್ನೊಂದು ಅಂಗಿ ಬೆಳೆಸಲು ಮತ್ತೆ ತೊಂಬತ್ತು ದಿನ, ಅಷ್ಟರಲ್ಲಿ ಸರೋವರ ಕರಗಿರುತ್ತದೆ. ತಲೆ ತಗ್ಗಿಸಿ ಕೂತಿದ್ದ ಗಂಡಹೆಂಡತಿಯನ್ನು ನೋಡಿ ಅವರಿಗೆ ಸಿಟ್ಟು ಬಂದದ್ದೇನೋ ನಿಜ, ಆದರೆ ಪೂರ್ತಿಯಾಗಿ ಬರಲಿಲ್ಲ.

"ಅಂಗಿಗೆ ಈಕಿ ಎದಿಬಡಿತ ಬೇಕು, ಅಷ್ಟ ಅಲ್ಲೇನು," ಎಂದರು ಕೊನೆಗೆ. "ಮತ್ತ ಅದನ್ನೂ ಕೆಳಗ ಕಳಸೂಣು. ಹಗ್ಗದಾಗ ತಂತಿ ಇರೂದ ಐತಿ."

ಹೀಗೆ ಯೋಜನೆಯ ಪುಸ್ತಕಕ್ಕೆ ಹೊಸ ಪುಟ ಸೇರಿತು. ದೇವಕಿ ಮಂಜುಗಡ್ಡೆಯ ಮೇಲೆ, ಕೊರೆದ ಕಂಡಿಯ ಪಕ್ಕ ಕೂತಿರಬೇಕು. ಅವಳ ಎದೆಗೊಂದು ಪಟ್ಟಿ. ಅವಳ ಬಡಿತ ಅವನ ಮೈಗೆ ಕಟ್ಟಿದ ಹಗ್ಗದೊಳಗಿನ ತಂತಿಯಲ್ಲಿ ಇಳಿದು ಅಂಗಿಗೆ ತಲುಪುತ್ತದೆ. ಅವಳ ಎದೆ ಶಾಂತವಾಗಿರುವಷ್ಟು ಹೊತ್ತು ಅವನು ಬೆಚ್ಚಗಿರುತ್ತಾನೆ. ನಿಮಿಷಕ್ಕೆ ನೂರು ದಾಟಿದರೆ ಅಂಗಿ ಸುಮ್ಮನಾಗುತ್ತದೆ, ಆಮೇಲೆ ಜಟ್ಟಪ್ಪನಿಗೆ ಎರಡು ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಮಾತ್ರ. ಭಯವಾದರೆ ಈಗಲೇ ಹೇಳಿಬಿಡಿ ಎಂದು ಹಂಚಿನಾಳರು ಎರಡು ಸಲ ಕೇಳಿದರು. ಜಟ್ಟಪ್ಪ ಹೆಂಡತಿಯ ಪರವಾಗಿ ನಕ್ಕುಬಿಟ್ಟ. ಇವಳಿಗೆ ಭಯವೇ, ಇವಳನ್ನು ನಂಬಿ ಇಳಿಯುವುದಕ್ಕಿಂತ ಸುರಕ್ಷಿತವಾದದ್ದು ಯಾವುದಿದೆ ಎಂದ. ದೇವಕಿ ಚೀಲದ ಹಿಡಿಯನ್ನು ಸರಿಮಾಡಿಕೊಂಡಳು.

ಸರೋವರ ಎರಡು ಬೋಳು ಬೆಟ್ಟಗಳ ನಡುವೆ ಬೆಳ್ಳಗೆ ಮಲಗಿತ್ತು. ಜಟ್ಟಪ್ಪ ಐದು ದಿನವೂ ಮೂಗಿನವರೆಗೆ ಕಂಬಳಿ ಎಳೆದುಕೊಂಡು ಕೂತ. ದೇವಕಿ ಮಾತ್ರ ತವರಿಗೆ ಬಂದವಳಂತೆ ಗಡ್ಡೆಯ ಮೇಲೆ ತಿರುಗಾಡಿದಳು. ಹಿಮ್ಮಡಿಯಿಂದ ಕುಟ್ಟಿ, ಸದ್ದು ಕೇಳಿ, ಇಲ್ಲಿ ಎರಡಡಿಗೆ ಒಂದಿಷ್ಟು ಕಮ್ಮಿ ಎಂದಳು. ಹಗ್ಗ ಹಿಡಿಯುವ ಸ್ಥಳೀಯ ಸ್ತಂಜಿನ್ ಕೊರೆದು ಅಳೆದರೆ ಇಪ್ಪತ್ತೆರಡು ಅಂಗುಲ. ಅಂದಿನಿಂದ ಅವನು ಅವಳನ್ನು ಅಮ್ಮಾ ಎಂದೇ ಕರೆದ.

ಆರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ, ಉರಿಯುವ ಬಿಸಿಲಿನಲ್ಲಿ, ಜಟ್ಟಪ್ಪ ತ್ರಿಕೋನಾಕಾರದ ಕಂಡಿಯ ಅಂಚಿನಲ್ಲಿ ಕೂತ. ಕೈ ಗುಂಡಿಯತ್ತ ಹೋಗಲಿಲ್ಲ. ಮುಖ ನೀರೊಳಗೆ ಹೋದ ಮೇಲೆ ಮೊದಲ ಉಸಿರು ಎಳೆದ. ಹಣೆಗೆ ಯಾರೋ ಕಬ್ಬಿಣದ ಪಟ್ಟಿ ಬಿಗಿದಂತಾಯಿತು. ಎರಡು ಉಸಿರು ಕಳೆಯುವುದರೊಳಗೆ ಪಕ್ಕೆಲುಬಿನ ಮೇಲೆ ಬಿಸಿ ಮೂಡಿತು. ಒಮ್ಮೆಗೇ ಬಂದ ಬಿಸಿಯಲ್ಲ, ಸಣ್ಣ ಸಣ್ಣ ಅಲೆಯಾಗಿ, ಒಂದು ಲಯದಲ್ಲಿ ಬರುವ ಬಿಸಿ. ದೇವಕಿಯ ಲಯ. ಮೂವತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದ್ದರೂ ಅವನು ಅದನ್ನು ಹೀಗೆ ಕೇಳಿರಲಿಲ್ಲ.

ಒಂಬತ್ತು ಮೀಟರ್ ಆಳದಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ ತಾನು ನೀರಿನಲ್ಲಿದ್ದೇನೆ ಎಂಬುದೇ ಮರೆಯುವಂತಿತ್ತು. ಮೇಲೆ ಗಡ್ಡೆಯ ತಳ ಹಸಿರು ಗಾಜಿನಂತೆ ಬೆಳಗುತ್ತಿತ್ತು. ಕೆಳಗೆ ಬೂದುಬಣ್ಣದ ಕಲ್ಲುಗಳ ಮೇಲೆ ಪಾಚಿ ಕೂದಲಿನಂತೆ ನಿಂತಿತ್ತು, ಒಂದೂ ಅಲುಗದೆ. ಮೀನಿಲ್ಲ, ಸದ್ದಿಲ್ಲ. ಜಟ್ಟಪ್ಪನ ಕಣ್ಣು ತುಂಬಿತು. ಇಷ್ಟು ಹಳಬನಾದ ಮೇಲೂ ನೀರು ತನಗೆ ಹೊಸದನ್ನು ತೋರಿಸೀತು ಎಂದು ಅವನು ಅಂದುಕೊಂಡಿರಲಿಲ್ಲ.

ಕಿವಿಯ ಹಿಂದಿನ ಮೂಳೆಗೆ ಅಂಟಿಸಿದ್ದ ಗುಂಡಿಯಿಂದ ಮೇಲಿನವರ ಮಾತು ಕೇಳಿಸುತ್ತಿತ್ತು. ಉತ್ತರ ಕೊಡಲು ಅವನಿಗಿದ್ದದ್ದು ಹಗ್ಗ. ಒಂದು ಎಳೆತ ಎಂದರೆ ನಾನು ಸರಿಯಿದ್ದೇನೆ, ನೀವು ಹೇಗಿದ್ದೀರಿ. ಎರಡು ಎಂದರೆ ಮೇಲೆ ಬರುತ್ತೇನೆ. ಹನ್ನೆರಡನೆಯ ನಿಮಿಷಕ್ಕೆ ಒಂದು ಎಳೆದ. ದೇವಕಿ, ಇಲ್ಲಿ ಬಿಸಿಲು ಚೆನ್ನಾಗಿದೆ, ಸ್ತಂಜಿನ್ ಬೆಣ್ಣೆ ಹಾಕಿದ ಚಹಾ ಕೊಟ್ಟ, ಉಪ್ಪುಪ್ಪಾಗಿದೆ ಎಂದಳು. ದನಿ ಎಂದಿನಂತೆಯೇ ಇತ್ತು.

ಹದಿನಾರನೆಯ ನಿಮಿಷಕ್ಕೆ ಸೊಂಟದ ಬಳಿ ತಣ್ಣಗಾಯಿತು. ಬೆಲ್ಲ ಮುಗಿಯಿತೇ ಎಂದು ಎದೆಯ ಮೇಲಿನ ಮಾಪಕದ ಮುಳ್ಳು ನೋಡಿದ, ಅರ್ಧಕ್ಕಿಂತ ಹೆಚ್ಚಿತ್ತು. ಹೊರಅಂಗಿ ಸೋರಿತೇ ಎಂದು ಹೊಲಿಗೆಗಳನ್ನು ತಡವಿದ, ಒಳಗೆ ಒಣಗಿಯೇ ಇತ್ತು. ಬೆನ್ನು ತಣ್ಣಗಾಯಿತು. ಪಕ್ಕೆಯ ಮೇಲಿನ ಅಲೆಗಳು ಹತ್ತಿರ ಹತ್ತಿರವಾಗುತ್ತ, ಒಂದರ ಮೇಲೊಂದು ಏರಿ, ಬಿಸಿ ಇಲ್ಲದ ಬರೀ ನಡುಕವಾದವು. ಹಗ್ಗ ಒಂದು ಸಲ ಎಳೆದ.

"ನಂಗೆಂತ ಆಗ್ತದೆ? ಆರಾಮ್ ಇದ್ದೆ," ಎಂದಿತು ದೇವಕಿಯ ದನಿ, ಅಷ್ಟೇ ಸಲೀಸಾಗಿ. "ನೀವು ನಿಮ್ ಕೆಲ್ಸ ಕಾಣಿ."

ಜಟ್ಟಪ್ಪ ಪಾಚಿಯ ನಡುವೆ ಹಾಗೇ ನಿಂತ. ಅಂಗಿ ಸುಳ್ಳು ಹೇಳುವುದಿಲ್ಲ, ಅದಕ್ಕೆ ಬರುವುದಿಲ್ಲ. ಸುಳ್ಳು ಹೇಳಲು ಬರುವುದು ದನಿಗೆ. ಕೇರಿಯವರಿಗೆಲ್ಲ ಹೇಳಿದ ಮಾತನ್ನು ಅವಳು ಇದೇ ದನಿಯಲ್ಲಿ ಹೇಳಿದ್ದಳು, ಅವನು ಇಷ್ಟು ವರ್ಷ ನಂಬಿ ನೀರಿಗೆ ಹಾರಿದ್ದ. ಮೇಲೆ ಕೂತಿರುವ ಹೆಂಗಸು ಹೆದರಿ ಕಂಗಾಲಾಗಿದ್ದಾಳೆ, ಅದನ್ನು ಈಗ ಜಗತ್ತಿನಲ್ಲಿ ಬಲ್ಲವನು ಅವನೊಬ್ಬನೇ, ಬಲ್ಲದ್ದು ಚರ್ಮದಿಂದ. ಅವನಿಗೆ ತನ್ನ ಚಳಿಯ ನೆನಪೇ ಹೋಯಿತು. ಬಹಳ ಪಶ್ಚಾತ್ತಾಪವಾಯಿತು. ನಲವತ್ತರ ಲೆಕ್ಕವನ್ನು ಅಲ್ಲೇ ಕಲ್ಲುಗಳ ನಡುವೆ ಬಿಟ್ಟು ಹಗ್ಗವನ್ನು ಎರಡು ಸಲ ಎಳೆದ.

ಕಂಡಿಯ ಕೆಳಗೆ ಮೂರು ನಿಮಿಷ ತಡೆದು ಏರಬೇಕೆಂಬುದು ನಿಯಮ. ಆ ಮೂರು ನಿಮಿಷಗಳಲ್ಲಿ, ಅವನಿನ್ನೂ ನೀರಿನಲ್ಲಿರುವಾಗಲೇ, ಹಗ್ಗ ಮೇಲೆ ಸೇರುತ್ತಿರುವುದನ್ನು ಅವಳು ಕಂಡಿರಬೇಕು. ಪಕ್ಕೆಯ ಮೇಲೆ ಬಿಸಿ ಮೊದಲು ಒಂದು ಚುಕ್ಕೆಯಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ಮೈತುಂಬ ಬಂತು.

ಗುಡಾರದಲ್ಲಿ ಹಂಚಿನಾಳರು ಪರದೆ ತಿರುಗಿಸಿ ತೋರಿಸಿದರು. ಇಪ್ಪತ್ತಮೂರು ನಿಮಿಷ. ದೇವಕಿಯ ಬಡಿತ ನೂರ ಹದಿನೆಂಟಕ್ಕೆ ಹೋಗಿತ್ತು. ತಾವು ಅವನಿಗೆ ತಿಳಿಸಲು ಹೊರಟಾಗ ಅವಳು ಕೈ ಹಿಡಿದು ತಡೆದಳೆಂದೂ, ಅವನು ಇನ್ನೊಂದು ನಿಮಿಷ ತಡಮಾಡಿದ್ದರೆ ತಾವೇ ಎಳೆಸುತ್ತಿದ್ದುದಾಗಿಯೂ ಹೇಳಿದರು. ನಾಳೆ ಇನ್ನೊಂದು ಅವಕಾಶವಿದೆ, ಯೋಚಿಸಿ ಹೇಳಿರಿ ಎಂದು ಎದ್ದು ಹೊರಗೆ ಹೋದರು. ಹೋಗುವ ಅಗತ್ಯ ಅವರಿಗೇನೂ ಇರಲಿಲ್ಲ.

ದೇವಕಿ ಅವನ ಕಾಲಿನ ಚೀಲ ಬಿಚ್ಚುತ್ತಿದ್ದಳು. ಕಂಡಿಯ ನೀರಿನ ಮೇಲೆ ಮಂಜಿನ ಕೆನೆ ಕಟ್ಟುವುದಕ್ಕೆ ಶುರುವಾಗಿತ್ತು, ಸ್ತಂಜಿನ್ ಸೌಟಿನಿಂದ ತೆಗೆಯುತ್ತಲೇ ಇದ್ದ, ಆದರೂ ಅದು ಹೇಗೆ ಮುಚ್ಚಿಕೊಳ್ಳುತ್ತದೆಂದು ನನಗೆ ಗೊತ್ತಲ್ಲ ಎಂದು ತಲೆ ಎತ್ತದೆ ಹೇಳಿದಳು. ನಿಮ್ಮ ಕೆಲಸ ಕೆಡಿಸಿಬಿಟ್ಟೆ ಎಂದಳು.

"ಕಡಲಿಗೆ ಹೋದಾಗ್ಲೂ ಹೀಂಗೇ ಆಗ್ತಿತ್ತಾ?" ಎಂದು ಜಟ್ಟಪ್ಪ ಕೇಳಿದ.

ಅವಳು ಒಂದು ಕಾಲಿನದನ್ನು ಬಿಚ್ಚಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದಳು. "ಐಸ್ ಪ್ಲಾಂಟಿಗೆ ಎಂತಕ್ಕೆ ಸೇರ್ದೆ ಅಂದ್ಕಂಡ್ರಿ? ಅಲ್ಲಿ ಕಿಟ್ಕಿ ಇಲ್ಲ. ಸಮುದ್ರ ಕಾಣೂದಿಲ್ಲ."

ಜಟ್ಟಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ನಾಳೆ ಇಳಿಯುವುದು ಬೇಡ, ಊರಿಗೆ ಹೋಗೋಣ ಎಂದ. ಅವಳು ಒಪ್ಪಲಿಲ್ಲ. ಇಷ್ಟು ದೂರ ಬಂದು ಅರ್ಧಕ್ಕೆ ಬಿಟ್ಟು ಹೋದರೆ ಆ ಅರ್ಧವನ್ನು ಜೀವಮಾನವಿಡೀ ಕೇಳಬೇಕಾದವಳು ನಾನೇ ಎಂದಳು. ಹಾಗಾದರೆ ಒಂದು ಷರತ್ತು, ಎಂದ ಜಟ್ಟಪ್ಪ. ಆರಾಮ್ ಇದ್ದೇನೆ ಎಂಬ ಮಾತು ಇನ್ನು ಹಗ್ಗದಲ್ಲಿ ಇಳಿಯಕೂಡದು. ಆದದ್ದನ್ನು ಆದಂತೆ ಹೇಳಬೇಕು.

ಮರುದಿನ ಅವನು ಪಾಚಿಯ ನಡುವೆ ಮಂಡಿಯೂರಿ ಕೂತಿದ್ದಾಗ, ಹನ್ನೊಂದನೆಯ ನಿಮಿಷಕ್ಕೆ, ಸೊಂಟದ ಬಳಿ ತಣ್ಣಗಾಗತೊಡಗಿತು. ಹಗ್ಗ ಒಂದು ಸಲ ಎಳೆದು ಕಾದ. ಕಿವಿಯ ಹಿಂದಿನ ಮೂಳೆಯಲ್ಲಿ ಮೊದಲು ಬರೀ ಗಾಳಿಯ ಸದ್ದು.

"ಹೆದ್ರಿಕೆ ಆಗ್ತಿದೆ," ಎಂದಳು ದೇವಕಿ. ದನಿ ಒಡೆದಿತ್ತು. ಅವನು ಆ ದನಿಯನ್ನು ಮೊದಲ ಸಲ ಕೇಳುತ್ತಿದ್ದ. "ತುಂಬಾ ಹೆದ್ರಿಕೆ ಆಗ್ತಿದೆ ಮಾರಾಯ್ರೆ."

ಅವನು ಇನ್ನೊಂದು ಸಲ ಮೆಲ್ಲಗೆ ಎಳೆದ. ನಾನು ಸರಿಯಿದ್ದೇನೆ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಎಳೆದ. ಮೂರನೆಯ ಸಲ ಹೇಳುವಷ್ಟರಲ್ಲಿ ಪಕ್ಕೆಯ ಮೇಲೆ ಬಿಸಿ ಮರಳಿ ಬರುತ್ತಿತ್ತು. ಅಲ್ಲಿಂದ ಮುಂದೆ ಅವಳು ಬಾಯಿ ಮುಚ್ಚಲಿಲ್ಲ. ಮದುವೆಯಾದ ಮರುದಿನ ದೋಣಿ ತಡವಾದಾಗ ಎಷ್ಟು ಹೆದರಿದ್ದಳು, ಯಾವ ಮಳೆಗಾಲದಲ್ಲಿ ಯಾವ ಸಂಜೆ ಹೇಗೆ ನಡುಗಿದ್ದಳು ಎಂಬುದನ್ನೆಲ್ಲ ಒಂದೊಂದಾಗಿ ಹೇಳುತ್ತಲೇ ಹೋದಳು. ಎರಡು ಡಿಗ್ರಿಯ ನೀರಿನ ತಳದಲ್ಲಿ ಜಟ್ಟಪ್ಪ ಒಂದೊಂದಕ್ಕೂ ಒಂದು ಸಲ ಹಗ್ಗ ಎಳೆಯುತ್ತ, ಬೆಚ್ಚಗೆ, ನಲವತ್ತೊಂದನೆಯ ನಿಮಿಷದವರೆಗೆ ಕೇಳಿದ.